ಗುಡ್ಡ ಯಾರದು, ಕಥೆ ಯಾರದು?

ಗೆಳೆಯರೆ, ನಮ್ಮ ಸುರೇಬಾನದ ಮಣ್ಣಿಗೆ ಒಂದು ನೆನಪಿದೆ. 1858ರ ಮೇ ಕೊನೆಗೆ ಇಲ್ಲಿ ತಂಗಿದ್ದ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ನರಗುಂದದ ಬಾಬಾಸಾಹೇಬನ ಪಡೆ ಕೊಂದಿತು. ಜೂನಿನಲ್ಲಿ ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ಮಣ್ಣಿನ ಮೇಲೆ ಕೂತು ಇಂಗ್ಲಿಷರ ಸಾಹಸ ಕಾದಂಬರಿ ಓದಿದರೆ ಬೇರೆಯೇ ಅರ್ಥ ಹೊಳೀತದ.

ವಾಲ್ಟರ್ ಸ್ಕಾಟ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಆದರೂ 1827ರ ‘ದಿ ಸರ್ಜನ್ಸ್ ಡಾಟರ್’ನಲ್ಲಿ ಹೈದರ್-ಟಿಪ್ಪುವಿನ ಮೈಸೂರನ್ನು ಕೂತಲ್ಲೇ ಕಟ್ಟಿದ. 1896ರಲ್ಲಿ ಹೆಂಟಿ ಬರೆದ ‘ದಿ ಟೈಗರ್ ಆಫ್ ಮೈಸೂರ್’ನಲ್ಲಿ, ಕಳೆದುಹೋದ ತಂದೆಯನ್ನು ಹುಡುಕಿ ಬರುವ ಹುಡುಗನಿಗೆ ಅದೇ ಮೈಸೂರು ಗಂಡಸಾಗುವ ಗರಡಿಮನೆ. ಟಿಪ್ಪು ಕ್ರೂರಿಯಾದಷ್ಟೂ ಆ ಹುಡುಗ ನ್ಯಾಯವಂತ. ನಮ್ಮ ಕಾಡಿಗೆ ಮಸಿ ಬಳಿದು ತಮ್ಮ ದೇಶಕ್ಕೆ ಬೆಳಕು ತಂದುಕೊಂಡರು.

ನೋಡದೆ ಬರೆದವನ ಮಾತು ಬಿಡ್ರಿ, ನೋಡಿದವನ ಗತಿ ಏನು? ಮೆಡೋಸ್ ಟೇಲರ್ ಸುರಪುರದಲ್ಲಿ ವರ್ಷಗಟ್ಟಲೆ ಆಡಳಿತ ನಡೆಸಿದವ. 1872ರ ಅವನ ‘ಸೀತಾ’ 1857ರ ದಂಗೆಯ ಕಾದಂಬರಿ. ಅದರಲ್ಲಿ ಇಂಗ್ಲಿಷ್ ಅಧಿಕಾರಿ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ಆ ಕಾಲಕ್ಕೆ ಇದು ಸಣ್ಣ ಧೈರ್ಯವಲ್ಲ. ಆದರೆ ಕೊನೆಗೆ ಸೀತೆ ಸಾಯುತ್ತಾಳೆ; ಅವನು ಇಂಗ್ಲಿಷ್ ಹೆಣ್ಣಿನ ಕೈ ಹಿಡಿಯುತ್ತಾನೆ. ಎಷ್ಟು ಪ್ರೀತಿಸಿದರೂ ಈ ನೆಲ ಆ ಕಥೆಗೆ ಮನೆಯಾಗಲಿಲ್ಲ.

ಈಗ ಹಲಗಲಿಯ ಲಾವಣಿ ಕೇಳಿರಿ. 1857ರಲ್ಲಿ ಆಯುಧ ಒಪ್ಪಿಸಿರಿ ಎಂದ ಕಂಪನಿ ಸರಕಾರದ ವಿರುದ್ಧ ಬೇಡರು ಸಿಡಿದೆದ್ದ ಕಥೆ ಅದು. ಬೇಟೆಯವನಿಗೆ ಆಯುಧವೆಂದರೆ ಅನ್ನ. ಅಲ್ಲಿ ಗುಡ್ಡ ನೋಡುವ ಚಂದವಲ್ಲ, ಬದುಕು. ಹನುಮ, ಬಾಲ, ಜಡಗ, ರಾಮ ಹೆಸರು ಹೊತ್ತು ನಿಂತಿದ್ದಾರೆ. ಸಾಹಸ ಕಾದಂಬರಿಗೆ ಹೋದರೆ ಇಂಥವರು ಹೊರೆ ಹೊರುವ, ದಾರಿ ತೋರಿಸುವ ‘ನೇಟಿವ್’ ಅಷ್ಟೇ.

ಆದರೆ ಬಿಳಿಯರನ್ನು ಬೈದು ಕೈ ತೊಳಕೊಂಡ್ರ ಆಗೂದಿಲ್ಲ. ಹಲಗಲಿಯ ಲಾವಣಿಯನ್ನು ಹಿಡಿದು ಅಚ್ಚಿಗೆ ಹಾಕಿದವ ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಆಗ ನಮ್ಮ ಪಂಡಿತರು ಎಲ್ಲಿದ್ದರು? ಸುರೇಬಾನದ ಆ ರಾತ್ರಿಯಲ್ಲಿ ಅರಸನ ಹೆಸರು ಉಳಿಯಿತು. ಜೊತೆಗೆ ಕತ್ತಿ ಹಿಡಿದವರ ಹೆಸರು ಎಷ್ಟು ಮಂದಿಗೆ ಗೊತ್ತದ? ಹೊಲಗೇರಿ, ಮಾದರ ಕೇರಿಗಳನ್ನು ಬರೀ ಹಿನ್ನೆಲೆ ಮಾಡಿದ ಕಥೆಗಳನ್ನು ನಮ್ಮ ಕನ್ನಡದವರೂ ಬರೆದಾರ. ಕೇರಿಯ ಪಾಲಿಗೆ ಆ ಕಣ್ಣೂ ಪರದೇಶಿ ಕಣ್ಣೇ.

ಮಾಸ್ತರರೆ, ಸಾಹಸಕಥೆ ಪಾಠ ಹೇಳುವಾಗ ಮಕ್ಕಳಿಗೆ ಒಂದೇ ಪ್ರಶ್ನೆ ಹಾಕಿರಿ: ಈ ಕಥೆಯಲ್ಲಿ ಹೊರೆ ಹೊತ್ತವನ ಹೆಸರೇನು?