ಅನುಭವವೆಂದರೆ ಯಾರ ಅನುಭವ?

ಅಹಂಕಾರವೇ ಮನುಷ್ಯನ ಮೂಲ ಪಾಪ ಎಂದು ರೈನ್‌ಹೋಲ್ಡ್ ನೀಬರ್ ಅವರಂಥ ಕ್ರೈಸ್ತ ದೈವಶಾಸ್ತ್ರದ ದಿಗ್ಗಜರು ಬೋಧಿಸುತ್ತಿದ್ದ ಕಾಲ. 1960ರಲ್ಲಿ ಅಮೆರಿಕದ 'ಜರ್ನಲ್ ಆಫ್ ರಿಲಿಜನ್' ಪತ್ರಿಕೆಯಲ್ಲಿ ವ್ಯಾಲರಿ ಸೇವಿಂಗ್ ಒಂದು ತಕರಾರು ಎತ್ತಿದರು. ಹಗಲೂ ರಾತ್ರಿ ಮಗುವಿನ ಆರೈಕೆಯಲ್ಲಿ ಮುಳುಗಿ, ತನ್ನದೆಂಬ ಒಂದು ಯೋಚನೆಯನ್ನೂ ಪೂರ್ತಿಗೊಳಿಸಲಾಗದ ತಾಯಿಗೆ ಅಹಂಕಾರ ಬಿಡು ಎಂದು ಉಪದೇಶಿಸಿ ಏನು ಬಂತು? ತನ್ನನ್ನು ತಾನೇ ಅಳಿಸಿಕೊಳ್ಳುವುದು ಆಕೆಗಿರುವ ಅಪಾಯ ಎಂಬುದು ಲೇಖನದ ತಿರುಳು.

ಸ್ತ್ರೀವಾದಿ ದೈವಶಾಸ್ತ್ರದ ಅಡಿಗಲ್ಲು ಇದೇ ಎನ್ನುವವರಿದ್ದಾರೆ. ಆದರೆ ಅಲ್ಲಿನ 'ಹೆಣ್ಣು' ಯಾರು? ಯಜಮಾನಿಯ ಮಕ್ಕಳನ್ನು ಸಾಕಿ ತನ್ನ ಮಕ್ಕಳನ್ನು ಬೇರೆಯವರಿಗೆ ಬಿಟ್ಟುಬರುವ ಕಪ್ಪು ಹೆಂಗಸಂತೂ ಅಲ್ಲ. 1993ರಲ್ಲಿ ಡೆಲೋರಿಸ್ ವಿಲಿಯಮ್ಸ್ ಬೈಬಲಿನ ದಾಸಿ ಹಾಗರಳ ಕಥೆಯನ್ನು ಮತ್ತೆ ಓದಿ, ಇಂಥವರ ಬದುಕನ್ನು ದೈವಶಾಸ್ತ್ರದ ನಡುವಿಗೆ ತಂದರು.

ತನ್ನ ಬದುಕೇ ಎಲ್ಲರದೂ ಎಂದುಕೊಳ್ಳುವ ಈ ಅಭ್ಯಾಸಕ್ಕೆ ಗುಣಾತ್ಮಕ ಸಂಶೋಧನೆ ಒಂದಿಷ್ಟು ಕಡಿವಾಣ ಹಾಕಿತು.

ಬ್ರಿಟನ್ನಿನ ನಿಕೋಲಾ ಸ್ಲೀ 30 ಮಹಿಳೆಯರನ್ನು ಸಂದರ್ಶಿಸಿ 2004ರಲ್ಲಿ 'ವಿಮೆನ್ಸ್ ಫೇತ್ ಡೆವಲಪ್‌ಮೆಂಟ್' ಪ್ರಕಟಿಸಿದರು. ಈ ಪುಸ್ತಕದ ಹೆಚ್ಚುಗಾರಿಕೆ ಲೇಖಕಿಯ ಕಿವಿ. ಏನು ಹೇಳಿದರು ಎಂಬುದರಷ್ಟೇ ಹೇಗೆ ಹೇಳಿದರು ಎಂಬುದನ್ನೂ ಅವರು ಗಮನಿಸುತ್ತಾರೆ. ಸಿದ್ಧಾಂತ ಹೇಳುವ ಬದಲು ಈ ಮಹಿಳೆಯರು ಕಥೆ ಹೇಳುತ್ತಾರೆ, ರೂಪಕ ಹುಡುಕುತ್ತಾರೆ, ಗೊತ್ತಿರುವ ಯಾರನ್ನೋ ಉದಾಹರಿಸುತ್ತಾರೆ. ಏನನ್ನು ನಂಬುವುದಿಲ್ಲ ಎಂದು ಹೇಳುತ್ತಲೇ ನಂಬುವುದರ ಹತ್ತಿರ ಬರುವವರೂ ಇದ್ದಾರೆ. ನಂಬಿಕೆಯ ಬೆಳವಣಿಗೆಗೆ ಜೇಮ್ಸ್ ಫೌಲರ್ 1981ರಲ್ಲಿ ಗುರುತಿಸಿದ ಆರು ಹಂತಗಳ ಅಳತೆಗೋಲಿನಲ್ಲಿ ಇಂಥವರಿಗೆ ಕಡಿಮೆ ಅಂಕವೇ ಸಿಕ್ಕೀತು. ಆದರೂ ಸ್ಲೀ ಕೇಳಿಸಿಕೊಂಡದ್ದು ಬಹುಪಾಲು ಓದಿದ ಬಿಳಿಯ ಮಹಿಳೆಯರನ್ನು. ಹಳೆಯ ಸಮಸ್ಯೆ ಇಲ್ಲೂ ಪೂರ್ತಿ ತೀರಲಿಲ್ಲ.

ಹವಾನಾದಲ್ಲಿ ಹುಟ್ಟಿ ಅಮೆರಿಕ ಸೇರಿದ ಆಡಾ ಮರಿಯಾ ಇಸಾಸಿ-ಡಿಯಾಸ್, ಯೊಲಾಂಡಾ ಟರಾಂಗೊ ಅವರೊಡನೆ 1988ರಲ್ಲೇ ಬೇರೆ ದಾರಿ ಹಿಡಿದಿದ್ದರು. 'ಹಿಸ್ಪಾನಿಕ್ ವಿಮೆನ್' ಪುಸ್ತಕದಲ್ಲಿ ಲ್ಯಾಟಿನ್ ಮೂಲದ ಸಾಮಾನ್ಯ ಹೆಂಗಸರ ಮಾತು ಉದ್ದಕ್ಕೂ ಅಚ್ಚಾಗಿದೆ. ಅಧ್ಯಾಯಗಳ ಸಾರಾಂಶ ಸ್ಪ್ಯಾನಿಷ್‌ನಲ್ಲೂ ಇದೆ. (ಮಾತು ಕೊಟ್ಟವರೇ ಓದಲಾಗದ ಪುಸ್ತಕ ಎಂಥ ಚಂದ?) ಈ ಹೆಂಗಸರು ಮಾಹಿತಿ ಕೊಡುವವರಲ್ಲ, ಸ್ವತಃ ದೈವಶಾಸ್ತ್ರಜ್ಞರು ಎಂಬುದು ಅದರ ನಿಲುವು. ಬದುಕಿ ಉಳಿಯಲು ದಿನದಿನವೂ ನಡೆಸುವ ಹೋರಾಟವೇ ದೈವಶಾಸ್ತ್ರದ ನೆಲೆ ಎಂದು ಇಸಾಸಿ-ಡಿಯಾಸ್ ಮುಂದೆಯೂ ಪಟ್ಟು ಹಿಡಿದರು.

ಇಲ್ಲೂ ಯಾವ ಮಾತು ಉಳಿಯಬೇಕು, ಯಾವುದು ಬೀಳಬೇಕು ಎಂದು ತೀರ್ಮಾನಿಸಿದವರು ಲೇಖಕಿಯರೇ. ಸಂದರ್ಶನವನ್ನು ನಂಬಿದ ಯಾವ ಸಂಶೋಧನೆಗೂ ಈ ಅಧಿಕಾರ ತಪ್ಪಿದ್ದಲ್ಲ. ವಿಶ್ಲೇಷಣೆಯ ಸೂಕ್ಷ್ಮದಲ್ಲಿ ಸ್ಲೀ ಒಂದು ಕೈ ಮೇಲು. ಆದರೆ ಎರಡರಲ್ಲಿ ಒಂದನ್ನೇ ಓದಲು ಬಿಡುವಿರುವವರು 1988ರ ಪುಸ್ತಕವನ್ನೇ ಕೈಗೆತ್ತಿಕೊಳ್ಳಲಿ.