ಬಲೆ ಹಾಸಿದರೆ ಸಾಲದು, ಬಿಗಿ ನಿಲ್ಲಬೇಕು

ಬಂಗಾರಪೇಟೆ, ಕೆಜಿಎಫ್ ಸುತ್ತಿನ ಹೊಲಗಳಲ್ಲಿ ಈಗ ಪ್ಲಾಸ್ಟಿಕ್ ಹಾಳೆ ಹೊದ್ದ ಕೃಷಿ ಹೊಂಡಗಳು ಹೊಸತಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆಯ ರೈತರಿಗೆ ಅವು ದೊಡ್ಡ ಆಸರೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ಸಹಾಯಧನ ಅವುಗಳ ಸಂಖ್ಯೆಯನ್ನು ರಾಜ್ಯದಲ್ಲೆಲ್ಲ ಹೆಚ್ಚಿಸಿತು. ಆಳ ಸಾಮಾನ್ಯವಾಗಿ 3 ಮೀಟರ್. ಇಳಿಜಾರು ಬದಿ, ಅದರ ಮೇಲೆ ನುಣುಪು ಹಾಳೆ, ಹಾಳೆಗೆ ಅಂಟಿದ ಪಾಚಿ. ಬಿದ್ದವರಿಗೆ ಈಜು ಬಂದರೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಮೆಟ್ಟಿಲು, ಸರಳು ಇರುವ ಈಜುಕೊಳಕ್ಕಿಂತ ಹೊಂಡ ಹೆಚ್ಚು ಅಪಾಯ.

ಫ್ರಾನ್ಸ್ 2003ರ ಜನವರಿಯಲ್ಲಿ ಕಾನೂನು ತಂದು, ಖಾಸಗಿ ಈಜುಕೊಳಗಳಿಗೆ ಬೇಲಿ, ಮುಚ್ಚಿಗೆ, ಚಾವಣಿ, ಎಚ್ಚರಿಕೆ ಗಂಟೆ ಇವುಗಳಲ್ಲಿ ಒಂದಾದರೂ ಇರಲೇಬೇಕೆಂದಿತು. ನಮ್ಮಲ್ಲಿ ಕೃಷಿ ಭಾಗ್ಯಕ್ಕೆ ಮತ್ತೆ ಚಾಲನೆ ಸಿಕ್ಕಾಗ ಹೊಂಡದ ಸುತ್ತ ತಂತಿ ಬೇಲಿಗೂ ನೆರವು ಸೇರಿತು. ಒಳ್ಳೆಯದೇ ಆಯಿತು. ಆದರೆ ಬೇಲಿಯ ಬಾಗಿಲು ತೆರೆದಿದ್ದ ಒಂದು ಗಳಿಗೆ ಸಾಕು, ಮಗು ಒಳಗಿರುತ್ತದೆ. ಆಗ ಕಾಯಬೇಕಾದದ್ದು ನೀರಿನ ಮೇಲಿನ ಬಲೆ.

ಬಲೆ ಎಂದೊಡನೆ ಎಲ್ಲರೂ ಕಣ್ಣಿನ ಅಳತೆ ಕೇಳುತ್ತಾರೆ. ಮಗುವಿನ ತಲೆ ತೂರದಂತೆ ಅದು 10 ಸೆಂಟಿಮೀಟರ್ ಒಳಗಿರಬೇಕು, ನಿಜ. ಬಿಗಿಯ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹಳೆಯ ನವಾರು ಮಂಚದಂತೆ ಜೋತುಬಿದ್ದ ಬಲೆ ಬಲೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು: ಮಗುವನ್ನು ನೀರಿಗೆ ಇಳಿಸಿ, ಮೇಲೇಳಲೂ ಬಿಡುವುದಿಲ್ಲ.

ಬಿಗಿಯುವುದಕ್ಕೂ ಲೆಕ್ಕವಿದೆ. 12 ಮೀಟರ್ ಅಗಲದ ಹೊಂಡಕ್ಕೆ ಬಲೆ ಹೊರಲು ಅಡ್ಡಲಾಗಿ ಎಳೆದ ತಂತಿಯ ನಡುವೆ 20 ಕಿಲೋ ತೂಕದ ಮಗು ಬಿತ್ತು ಎನ್ನಿ. ತಂತಿ 60 ಸೆಂಟಿಮೀಟರ್ ಬಗ್ಗಿದರೆ ಅದರ ಮೇಲಿನ ಎಳೆತ ಸುಮಾರು 100 ಕಿಲೋ. 30 ಸೆಂಟಿಮೀಟರ್ ಮಾತ್ರ ಬಗ್ಗಿದರೆ 200 ಕಿಲೋ. ಬಗ್ಗುವುದು ಕಡಿಮೆಯಾದಷ್ಟೂ ತಂತಿ ಕಟ್ಟಿದ ಗೂಟದ ಮೇಲೆ ಭಾರ ಹೆಚ್ಚು. ಆದ್ದರಿಂದ ಗೂಟವನ್ನು ಏರಿಯ ಸಡಿಲ ಮಣ್ಣಿನಲ್ಲಿ ನೆಡಬಾರದು. ಅದರಾಚೆ ಗಟ್ಟಿ ನೆಲದಲ್ಲಿ ನೆಡಬೇಕು.

ಬಲೆಯ ದಾರದ ಗುಣವೂ ಇದಕ್ಕೆ ಸೇರುತ್ತದೆ. ನೈಲಾನ್ ನೀರು ಕುಡಿದು ಹಿಗ್ಗುತ್ತದೆ. ಮೊದಲ ದಿನ ಬಿಗಿಯಾಗಿದ್ದದ್ದು ಮಳೆ ಬಂದ ಮೇಲೆ ಇಳಿಬೀಳುತ್ತದೆ. ಬಿಸಿಲು ತಡೆಯುವಂತೆ ಮಾಡಿದ ಪಾಲಿಥೀನ್ ದಾರ ನೀರು ಹೀರುವುದಿಲ್ಲ, ಹೊಂಡಕ್ಕೆ ಅದೇ ಲೇಸು. ಯಾವುದನ್ನೇ ಹಾಕಲಿ, ಪ್ರತಿ ತಂತಿಯ ಒಂದು ತುದಿಗೆ ಟರ್ನ್‌ಬಕಲ್ ಬೇಕು. ಅದರ ಎರಡು ಕಡೆಯ ಥ್ರೆಡ್‌ಗಳು ಎದುರುಬದುರಾಗಿರುವುದರಿಂದ ನಡುವಿನ ಚೌಕಟ್ಟನ್ನು ತಿರುಗಿಸಿದರೆ ತಂತಿ ಎರಡೂ ಕಡೆಯಿಂದ ಒಳಗೆ ಬರುತ್ತದೆ. ವೈರ್ ರೋಪ್ ಮಡಚಿ ಕ್ಲಿಪ್ ಹಾಕುವಾಗ ಯು-ಬೋಲ್ಟ್ ಗಿಡ್ಡ ತುದಿಯ ಮೇಲೆ ಕೂರಬೇಕು, ಭಾರ ಹೊರುವ ಎಳೆಯ ಮೇಲಲ್ಲ. ತಿರುಗಾಮುರುಗಾ ಹಾಕಿದರೆ ಬೋಲ್ಟ್ ಆ ಎಳೆಯನ್ನೇ ಜಜ್ಜುತ್ತದೆ.

ಈ ಸೀಮೆಗೆ ಇದೆಲ್ಲ ಹೊಸ ವಿದ್ಯೆಯೇನಲ್ಲ. ಕೋಲಾರದ ದ್ರಾಕ್ಷಿ ಚಪ್ಪರ ನಿಂತಿರುವುದೇ ಅಂಚಿನ ಕಲ್ಲುಕೂಚಗಳನ್ನು ಹೊರಗೆ ವಾಲಿಸಿ, ಹೂತ ಕಲ್ಲಿಗೆ ತಂತಿ ಎಳೆದು ಕಟ್ಟುವ ಜಾಣ್ಮೆಯ ಮೇಲೆ. ಕೆಜಿಎಫ್‌ನಲ್ಲಿ 2001ರ ಫೆಬ್ರವರಿ 28ರಂದು ಮುಚ್ಚುವವರೆಗೂ ಚಿನ್ನದ ಗಣಿಯ ಬದುಕು ಉಕ್ಕಿನ ಹಗ್ಗವನ್ನೇ ನಂಬಿತ್ತು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ. ಆಳುಗಳನ್ನು ಇಳಿಸುವ ಹಗ್ಗವನ್ನು ದಿನವೂ ಪರೀಕ್ಷಿಸಬೇಕೆಂಬುದು ಗಣಿಯ ಕಟ್ಟಳೆ. ಅಷ್ಟು ಕಟ್ಟುನಿಟ್ಟು ಹೊಂಡಕ್ಕೆ ಬೇಡ. ತಿಂಗಳಿಗೊಮ್ಮೆ ನೋಡಿದರೂ ಆದೀತು.

ನೋಡುವ ಬಗೆ ಸುಲಭ. 25 ಕಿಲೋ ಮರಳಿನ ಚೀಲವನ್ನು ಬಲೆಯ ನಡುವೆ ಇಳಿಬಿಡಿ. ಹೊಂಡ ತುಂಬಿದ್ದಾಗಲೂ ಚೀಲ ನೀರು ಮುಟ್ಟಬಾರದು, ಅಂಚು ಎಲ್ಲೂ ಮೇಲೇಳಬಾರದು. ಅಂಚು ಎದ್ದ ಕಡೆ ಮಗು ಬಲೆಯ ಕೆಳಗೆ ನುಸುಳಬಹುದು, ಅದರಷ್ಟು ಭಯಂಕರ ಇನ್ನೊಂದಿಲ್ಲ. ಬಲೆಯ ಕೆಳಗೂ ಮೂಲೆಯಿಂದ ಒಂದು ಗಂಟು ಹಗ್ಗ ನೀರಿನವರೆಗೆ ಇಳಿದಿರಲಿ.

ಜಿಲ್ಲೆಯಲ್ಲಿ ಹೊಂಡ ತುಂಬಿಸುವ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು. ರೈತರು ಅಷ್ಟರೊಳಗೆ ಟರ್ನ್‌ಬಕಲ್‌ಗಳಿಗೆ ಗ್ರೀಸ್ ಹಚ್ಚಿ ಬಿಗಿದಿಟ್ಟುಕೊಳ್ಳಲಿ. ಕೃಷಿ ಇಲಾಖೆ ಬೇಲಿಗೆ ಕೊಡುವಂತೆ ಬಲೆಗೂ, ಅದನ್ನು ಬಿಗಿಯುವ ಸಾಮಾನಿಗೂ ಸಹಾಯಧನ ಕೊಡಲಿ.