ದಬ್ಬೆಯ ಕವಿಯ ಮಿತಮಾತು

ಹಾಸನ ಜಿಲ್ಲೆಯ ಹೊಸ ಕಾವ್ಯ ಎಂದರೆ ನನಗೆ ನೆನಪಾಗುವುದು ಬೇಲೂರು ತಾಲ್ಲೂಕಿನ ದಬ್ಬೆ. 1951ರಲ್ಲಿ ಅಲ್ಲಿ ಹುಟ್ಟಿದ ವಿಜಯಾ ದಬ್ಬೆ ಕನ್ನಡದ ಸ್ತ್ರೀವಾದಿ ಕಾವ್ಯದ ಮೊದಮೊದಲ ದನಿಗಳಲ್ಲೊಬ್ಬರು. ಮೊದಲ ಸಂಕಲನ ‘ಇರುತ್ತವೆ’ 1975ರಲ್ಲಿ ಬಂತು. ಹೆಸರು ಒಂದೇ ಒಂದು ಕ್ರಿಯಾಪದ! ಏನು ಇರುತ್ತವೆ, ಎಲ್ಲಿ? ಕರ್ತೃಪದವನ್ನು ಓದುವವರೇ ಹುಡುಕಿಕೊಳ್ಳಬೇಕು. ‘ನೀರು ಲೋಹದ ಚಿಂತೆ’ ಎಂಬ ಇನ್ನೊಂದು ಸಂಕಲನದ ಹೆಸರನ್ನಂತೂ ಎಷ್ಟು ಸಲ ಬಾಯಲ್ಲಿ ಆಡಿಸಿದ್ದೇನೋ. ಹರಿಯುವುದನ್ನೂ ಕಾದು ಆಕಾರ ಪಡೆಯುವುದನ್ನೂ ಪಕ್ಕಪಕ್ಕ ಇಟ್ಟಿದ್ದಾರೆ, ನಡುವೆ ಒಂದು ‘ಮತ್ತು’ ಕೂಡ ಇಲ್ಲ. ಹಳಗನ್ನಡದ ಕವಿ ನಾಗಚಂದ್ರನನ್ನು ಅಧ್ಯಯನ ಮಾಡಿದ ವಿದ್ವಾಂಸೆ ತಮ್ಮ ಕವಿತೆಗೆ ಆರಿಸಿಕೊಂಡದ್ದು ಈ ಮಿತಮಾತನ್ನು. ಮೈಸೂರಿನಲ್ಲಿ ಪಾಠ ಹೇಳಿದ ಅವರು 2018ರಲ್ಲಿ ತೀರಿಕೊಂಡರು. ಆ ಪುಸ್ತಕಗಳು ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜು ಹುಡುಗಿಯರ ಕೈಗೆ ಸಿಗಲಿ ಎಂದು ನನ್ನಾಸೆ.